ಕಣ್ಣು ಬಿಟ್ಟು ಮುಳ್ಳು ನಂಬಿದ ದಿನಗಳು

ಬೆಳಿಗ್ಗೆ ಎದ್ದು ಪೊನ್ನಂಪೇಟೆಯ ನಮ್ಮ ಮನೆಯ ಜಗಲಿಗೆ ಬಂದರೆ ನನ್ನ ಕಣ್ಣು ಮೊದಲು ಹುಡುಕುವುದು ಎದುರು ತೋಟದ ಸಿಲ್ವರ್ ಓಕ್ ಮರಗಳನ್ನು. ಮುಂದಿನ ಸಾಲು ಮಾತ್ರ ಕಂಡರೆ ಒಂದು ಲೆಕ್ಕ, ಹಿಂದಿನ ಸಾಲೂ ಕಂಡರೆ ಇನ್ನೊಂದು ಲೆಕ್ಕ. ಅದರಾಚೆ ಗುಡ್ಡದ ಬೆನ್ನು ಕಂಡಿತೋ, ಮನಸ್ಸು ತಾನಾಗಿಯೇ ‘ಹೊರಡಬಹುದು’ ಅನ್ನುತ್ತದೆ. ಎಲ್ಲಿಗೆ ಹೊರಡುವುದು? ಹಾಲು ತರಲು. ಹೆಲಿಕಾಪ್ಟರ್ ಓಡಿಸುವ ಕೆಲಸದಿಂದ ನಿವೃತ್ತಳಾದರೂ ಈ ಚಾಳಿಗೆ ನಿವೃತ್ತಿ ಸಿಕ್ಕಿಲ್ಲ. ಅರಣ್ಯ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ನನ್ನ ಗಂಡ, ಇವತ್ತು ಹಾಲಿಗೆ ಹೋಗಲು ಪರ್ಮಿಶನ್ ಉಂಟಾ ಎಂದು ದಿನಾ ರೇಗಿಸುತ್ತಾರೆ.

ಈಚೆಗೆ ಗೋಣಿಕೊಪ್ಪಲಿನ ಕಾಲೇಜೊಂದಕ್ಕೆ ಮಾತಾಡಲು ಕರೆದಿದ್ದರು. ಪೈಲಟ್ ಆಗಬೇಕೆನ್ನುವ ಹುಡುಗಿಯರೇ ಒಂದು ಬೆಂಚು ತುಂಬ ಇದ್ದರು. ನನಗೆ ಸಂತೋಷ ಹೇಳತೀರದು. ನಮ್ಮ ಕಾಲದಲ್ಲಿ ಅಂಥ ಬೆಂಚೇ ಇರಲಿಲ್ಲ. ಸಂಬಳ ಎಷ್ಟು, ಹೆದರಿಕೆ ಆಗುವುದಿಲ್ಲವೇ, ಮದುವೆಯಾದ ಮೇಲೆ ಬಿಡುತ್ತಾರಾ, ಎಲ್ಲ ಕೇಳಿದರು. ಮೋಡದ ವಿಷಯ ಮಾತ್ರ ಒಬ್ಬಳೂ ಎತ್ತಲಿಲ್ಲ. ನನಗೋ ಕೆಲಸ ಎಂದರೆ ನೆನಪಾಗುವುದೇ ಮೋಡ. ಅವರಿಗೆ ಅಂದು ಹೇಳದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಬಡ್ತಿ, ಶಾಲು, ಫಲಕದ ಸುದ್ದಿ ಬೇಡ. ಅವು ಗೋಡೆಯ ಮೇಲಿವೆ, ಧೂಳು ಒರೆಸುವವರು ಓದಿಕೊಳ್ಳಲಿ.

ಮೊದಲು ಪಾಠ. ಹಾರುವುದರಲ್ಲಿ ಎರಡು ಬಗೆ. ಒಂದು, ಹೊರಗೆ ನೋಡಿಕೊಂಡು ಹಾರುವುದು. ಅದಕ್ಕೆ ನೆಲ ಕಾಣಬೇಕು, ಗುಡ್ಡ ಕಾಣಬೇಕು, ಮೋಡದಿಂದ ದೂರ ಇರಬೇಕು. ಇನ್ನೊಂದು, ಹೊರಗೆ ಏನೂ ಕಾಣದಿದ್ದರೂ ಎದುರಿನ ಉಪಕರಣಗಳನ್ನು ನೋಡಿಕೊಂಡು, ಕಂಟ್ರೋಲ್‌ನವರು ಕೊಟ್ಟ ಎತ್ತರ ಮತ್ತು ದಿಕ್ಕು ಹಿಡಿದು ಹಾರುವುದು. ಪುಸ್ತಕದಲ್ಲಿ ಇವಕ್ಕೆ ವಿಎಫ್‌ಆರ್, ಐಎಫ್‌ಆರ್ ಎಂದು ಹೆಸರು. ನಾವು ಕಣ್ಣು, ಮುಳ್ಳು ಎನ್ನುತ್ತಿದ್ದೆವು. ಆಗೆಲ್ಲ ಉಪಕರಣಗಳಿಗೆ ಗಡಿಯಾರದ ಹಾಗೆ ಮುಳ್ಳುಗಳಿದ್ದವು. ಕೊಡಗಿನ ಮೈದಾನಗಳಲ್ಲಿ ಮುಳ್ಳು ನೋಡಿಕೊಂಡು ಇಳಿಯುವ ಏರ್ಪಾಡಿಲ್ಲ. ಇಲ್ಲಿ ಇಳಿಯಬೇಕಾದರೆ ಕಣ್ಣೇ ಗತಿ. ಮುಳ್ಳು ಎಂದರೆ ಮೋಡದೊಳಗೆ ಏರಿ, ವಿಮಾನ ನಿಲ್ದಾಣ ಇರುವ ಊರಿಗೆ ಹೋಗಬೇಕು. ಹಾಗಾಗಿ ನಮ್ಮ ಊರಿನ ಮೇಲೆ ಹಾರುವಾಗ ಮುಳ್ಳು ಎಂದು ಬಾಯಿಬಿಟ್ಟರೆ, ಇವತ್ತು ಊರಿಗೆ ಬರುವುದಿಲ್ಲ ಎಂದೇ ಅರ್ಥ.

ನನ್ನದು ಕುಶಾಲನಗರದ ಪಕ್ಕದ ಹಳ್ಳಿ. ಅಜ್ಜ ಅರಕಲಗೂಡು ಕಡೆಯಿಂದ ಬಂದು ಭೂಮಿ ಮಾಡಿದವರು. ನಮ್ಮ ಹೊಲದಲ್ಲಿ ನಿಂತರೆ ಪಶ್ಚಿಮಕ್ಕೆ ಗುಡ್ಡಗಳ ಮೇಲೆ ಮೋಡ ಕೂತಿರುವುದು ಕಾಣುತ್ತಿತ್ತು. ನಮ್ಮ ಕಡೆ ಬಿಸಿಲು. ಆ ಬಿಳಿಯ ಒಳಗೆ ಏನಿದೆ ಎಂದು ಜೋಳದ ಗಿಡದ ನಡುವೆ ನಿಂತು ಯೋಚಿಸುತ್ತಿದ್ದೆ. ಅಮ್ಮ, ಬಾಯಿ ಮುಚ್ಕೊಂಡು ಕಳೆ ಕೀಳೇ, ನೊಣ ಹೊಕ್ಕಾವು ಎಂದು ಬಯ್ಯುತ್ತಿದ್ದಳು.

ಒಳಗೆ ಏನಿದೆ ಎಂದು ತಿಳಿದದ್ದು ವಾಯುಸೇನೆಯ ತರಬೇತಿಯಲ್ಲಿ. ಮೊದಲ ಸಲ ಮೋಡ ಹೊಕ್ಕಾಗ ಸದ್ದೂ ಮೆತ್ತಗಾದಂತೆ ಅನಿಸಿತು. ಮೇಲೆ ಬಿಳಿ, ಕೆಳಗೆ ಬಿಳಿ, ಅಕ್ಕಪಕ್ಕ ಬಿಳಿ. ಮುಂದೆ ಹೋಗುತ್ತಿದ್ದೇವೆ ಅನಿಸಲೇ ಇಲ್ಲ. ಯಾರೋ ನಮ್ಮನ್ನು ಎತ್ತಿಕೊಂಡು ನಿಂತಿದ್ದಾರೆ ಅನಿಸಿತು. ಅಷ್ಟು ಸುಖ ನಾನು ಎಲ್ಲೂ ಕಂಡಿರಲಿಲ್ಲ. ಆ ಸುಖದಲ್ಲೇ ಎಡವಟ್ಟಾಯಿತು. ನೆಟ್ಟಗೆ ಹಾರುತ್ತಿದ್ದೇನೆ ಎಂದು ನನ್ನ ಮೈ ಆಣೆ ಮಾಡಿ ಹೇಳುತ್ತಿತ್ತು. ಎದುರಿನ ಮುಳ್ಳು ಬಲಕ್ಕೆ ವಾಲಿದ್ದೀಯ ಎನ್ನುತ್ತಿತ್ತು. ಮುಳ್ಳೇ ಕೆಟ್ಟಿದೆ ಎಂದುಕೊಂಡೆ. ಪಕ್ಕದಲ್ಲಿದ್ದ ತರಬೇತಿಯವರು ಮಾತಾಡದೆ ಯಂತ್ರ ಸರಿ ಮಾಡಿ, ನನ್ನ ಹೆಲ್ಮೆಟ್ಟಿಗೆ ಒಂದು ಮೊಟಕಿದರು. ಮೋಡದೊಳಗೆ ಮೈ ಸುಳ್ಳು ಹೇಳುತ್ತದೆ. ಬೇಕೆಂದು ಹೇಳುವುದಲ್ಲ ಪಾಪ, ಅದಕ್ಕೂ ಗೊತ್ತಿರುವುದಿಲ್ಲ.

ಸೇನೆಯ ಅವಧಿ ಮುಗಿಸಿ ಬಾಡಿಗೆ ಹೆಲಿಕಾಪ್ಟರಿನ ಕಂಪನಿ ಸೇರಿದಾಗ ನನ್ನ ಮೇಲಧಿಕಾರಿ ಕ್ಯಾಪ್ಟನ್ ಪೂವಯ್ಯ. ನಮ್ಮ ಜಿಲ್ಲೆಯವರೇ, ಪೊನ್ನಂಪೇಟೆ ಆಚೆಯ ಕಾಫಿ ತೋಟದ ಮನೆತನ. ಎತ್ತರದ ಆಳು, ದಪ್ಪ ಮೀಸೆ, ಸಿಡುಕು. ತಿಂಡಿಗೆ ತಡವಾದರೆ ಅಡುಗೆಯವನ ಮೇಲೆ, ಮಳೆ ಬಂದರೆ ಮಳೆಯ ಮೇಲೆ ರೇಗುವವರು. ಆದರೆ ಕಾಕ್‌ಪಿಟ್‌ನಲ್ಲಿ ಕೂತರೆ ಧ್ವನಿ ಇಳಿದುಬಿಡುತ್ತಿತ್ತು. ಹೊರಡುವ ಮೊದಲು ಜೊತೆಯವರನ್ನು ಕೇಳುತ್ತಿದ್ದರು: ‘ಕಣ್ಣಾ, ಮುಳ್ಳಾ?’ ಇಬ್ಬರೂ ಬಾಯಿಬಿಟ್ಟು ಹೇಳಬೇಕು. ಹಾರುವಾಗ ಇಬ್ಬರಲ್ಲಿ ಯಾರೇ ಮುಳ್ಳು ಎಂದರೂ ಅಲ್ಲಿಗೆ ಮುಗಿಯಿತು. ಕಿರಿಯರು ಹೇಳಿದರೂ ಅಷ್ಟೇ. ಯಾಕೆ, ಏನು ಎಂಬ ಚರ್ಚೆ ನೆಲ ಮುಟ್ಟಿದ ಮೇಲೆ. ಇದು ಅವರೇ ಹಾಕಿದ ಕಟ್ಟಳೆ. ಅರ್ಧ ಕಣ್ಣು, ಅರ್ಧ ಮುಳ್ಳು ಎಂದು ತಗ್ಗಿ ತಗ್ಗಿ ಹೋದವರೇ ಗುಡ್ಡಕ್ಕೆ ಬಡಿಯುವುದು ಎನ್ನುತ್ತಿದ್ದರು.

ಒಮ್ಮೆ ದೊಡ್ಡ ಮನುಷ್ಯರೊಬ್ಬರ ಆಪ್ತ ಸಹಾಯಕ ಬಂದು, ಸಾಹೇಬರಿಗೆ ಸಭೆಗೆ ಹೊತ್ತಾಗುತ್ತಿದೆ, ಮೋಡಕ್ಕೆಲ್ಲ ಹೆದರಿದರೆ ಹೇಗೆ ಎಂದು ಕುಟುಕಿದ. ನಾನು ಜಗಳಕ್ಕೆ ಬಾಯಿ ತೆರೆದೆ. ಪೂವಯ್ಯ ಸರ್ ನನ್ನನ್ನು ತಡೆದು, ಹೊರಡುವ, ಅದಕ್ಕೇನಂತೆ, ನೀವು ಮುಂದೆ ಕೂತು ಗುಡ್ಡ ಎಲ್ಲೆಲ್ಲಿ ಉಂಟು ಅಂತ ಹೇಳ್ತಾ ಬನ್ನಿ ಎಂದು ಅವನ ಕೈಗೆ ತಮ್ಮ ಹೆಡ್‌ಸೆಟ್ ಕೊಟ್ಟರು. ಅವನು ಅದನ್ನು ಮೇಜಿನ ಮೇಲೆ ಮೆಲ್ಲಗೆ ಇಟ್ಟು ಕಾಫಿ ಕುಡಿಯಲು ಹೋದ. ಸಾಹೇಬರು ಕಾರಿನಲ್ಲಿ ಹೋದರು.

ಆಗ ಹವಾಮಾನ ತಿಳಿಯುವುದೂ ಒಂದು ತಮಾಷೆ. ಈಗಿನವರಿಗೆ ಕೈಯಲ್ಲೇ ಉಪಗ್ರಹದ ಚಿತ್ರ ಬರುತ್ತದೆ, ಮೋಡ ಎಷ್ಟು ದಪ್ಪ ಎಂದೂ ಹೇಳುತ್ತದೆ. ನಮಗೆ ಫೋನ್ ಇತ್ತು, ಪರಿಚಯದವರಿದ್ದರು. ದುಬಾರೆಯ ಹೊಳೆದಂಡೆಯಲ್ಲಿ ಚಾ ಅಂಗಡಿಯ ಮೊಯ್ದು ಕಾಕ ನನ್ನ ಹವಾಮಾನ ಇಲಾಖೆ. ಮೋಡ ಉಂಟಾ ಕಾಕ ಎಂದರೆ, ‘ಇಲ್ಲ ಮೇಡಂ, ಮಂಜು ಅಷ್ಟೇ’ ಎನ್ನುತ್ತಿದ್ದರು. ನಮ್ಮ ಜನಕ್ಕೆ ಮೋಡ ಎಂದರೆ ಮೇಲೆ ಇರುವುದು. ಅಂಗಳಕ್ಕೆ ಇಳಿದರೆ ಅದು ಮಂಜು, ಮನೆಯವರ ಹಾಗೆ. ಹಾಗಾಗಿ ನಾನು ಪ್ರಶ್ನೆ ಬದಲಿಸಿದೆ. ಆಚೆ ದಡದ ಶಿಬಿರದ ಆನೆ ಕಾಣುತ್ತದಾ ಎಂದು ಕೇಳುತ್ತಿದ್ದೆ. ಆನೆ ಕಾಣುದಿಲ್ಲ, ಸರಪಳಿ ಸದ್ದು ಕೇಳ್ತದೆ ಎಂದರೆ ಆವತ್ತು ಹಾರಾಟ ಇಲ್ಲ.

ಇನ್ನೊಂದು ಹೇಳದಿದ್ದರೆ ಹೊಟ್ಟೆನೋವು ಬರುತ್ತದೆ. ಒಂದು ಎಸ್ಟೇಟಿನಲ್ಲಿ ಕಾಫಿ ಒಣಗಿಸುವ ಕಣದಲ್ಲಿ ಇಳಿಯಬೇಕಿತ್ತು. ಗಾಳಿ ಯಾವ ಕಡೆಗಿದೆ ಎಂದು ತಿಳಿಯಲು ಮೂಲೆಯಲ್ಲಿ ಸ್ವಲ್ಪ ಹೊಗೆ ಹಾಕಿಸಿ ಎಂದು ಅಲ್ಲಿನ ರೈಟರಿಗೆ, ಅಂದರೆ ತೋಟದ ಗುಮಾಸ್ತರಿಗೆ, ಹೇಳಿದ್ದೆ. ಅವರು ಬಹಳ ಮರ್ಯಾದಸ್ಥರು. ಬರುವವರು ಹೆಣ್ಣುಮಗಳು, ಚೆನ್ನಾಗಿ ಕಾಣಲಿ ಎಂದು ಲೈನ್ ಮನೆಯ ಕೂಲಿಯವರನ್ನೆಲ್ಲ ಕರೆದು, ಒದ್ದೆ ಎಲೆ ರಾಶಿ ಹಾಕಿಸಿ, ನಾಲ್ಕೂ ಮೂಲೆಗೆ ಬೆಂಕಿ ಇಡಿಸಿದ್ದರು. ಇಡೀ ಜಿಲ್ಲೆ ಫಳಫಳ ಎನ್ನುವ ಬಿಸಿಲಿನಲ್ಲಿತ್ತು. ನಾನು ಇಳಿಯಬೇಕಾದ ಕಣವೊಂದೇ ಕಾಣುತ್ತಿರಲಿಲ್ಲ. ಪಕ್ಕದ ಗದ್ದೆಯಲ್ಲಿ ಇಳಿಸಿದೆ. ರೈಟರು ಕೆಮ್ಮುತ್ತಾ ಓಡಿಬಂದು, ಹೊಗೆ ಸಾಕಾಯ್ತಾ ಮೇಡಂ ಎಂದರು. ಸಾಕಾಯ್ತು ಅಣ್ಣಾ ಎಂದೆ, ಇನ್ನೇನು ಹೇಳಲಿ.

ಇಷ್ಟು ಹೊತ್ತು ಸುತ್ತಿ ಸುತ್ತಿ ಬಂದದ್ದು ಒಂದು ದಿನದ ಮಾತು ಹೇಳಲು.

ಮಳೆಗಾಲದ ಕೊನೆ. ಗೋಣಿಕೊಪ್ಪಲಿನ ಹತ್ತಿರದ ಎಸ್ಟೇಟಿನಿಂದ ಅತಿಥಿಗಳನ್ನು ಬೆಂಗಳೂರಿಗೆ ಕರೆತರಬೇಕಿತ್ತು. ಹೋಗುವಾಗ ಹೆಲಿಕಾಪ್ಟರ್ ಖಾಲಿ; ನಾನು ಮತ್ತು ಪೂವಯ್ಯ ಸರ್ ಇಬ್ಬರೇ. ಅವರಿಗೆ ನಿವೃತ್ತಿ ಹತ್ತಿರವಾಗಿತ್ತು. ಆ ದಿನದ ಕಮಾಂಡ್ ನನ್ನದು, ಅವರು ಜೊತೆ ಪೈಲಟ್. ಮಧ್ಯಾಹ್ನದವರೆಗೆ ಮೋಡ ಬಿಡುವು ಕೊಡುತ್ತದೆ ಎಂದು ವರದಿ ಇತ್ತು. ಹೊರಡುವಾಗ ಇಬ್ಬರೂ ಕಣ್ಣು ಎಂದೆವು. ಆ ದಿನ ಅವರು ಯಾರನ್ನೂ ಬಯ್ಯಲಿಲ್ಲ. ತಿಂಡಿ ಹೊತ್ತಿಗೆ ಸರಿಯಾಗಿ ಸಿಕ್ಕಿರಬೇಕು ಎಂದುಕೊಂಡೆ.

ಹುಣಸೂರು ದಾಟಿ ತಿತಿಮತಿ ಕಾಡು ಸಮೀಪಿಸುವಾಗ ಮೋಡ ಎರಡು ಪದರವಾಗಿತ್ತು. ಕೆಳಗೊಂದು ಬಿಳಿ ಹಾಸು, ಮೇಲೊಂದು ಬಿಳಿ ಹೊದಿಕೆ, ನಡುವಿನ ತಿಳಿಬೆಳಕಿನಲ್ಲಿ ನಾವು. ಕೆಳಗಿನ ಹಾಸಿನಲ್ಲಿ ಅಲ್ಲಲ್ಲಿ ಕಂಡಿ ಬಿದ್ದು ಹಸಿರು ಇಣುಕುತ್ತಿತ್ತು, ಮತ್ತೆ ಮುಚ್ಚುತ್ತಿತ್ತು. ಅಷ್ಟು ಚೆಂದದ ಜಾಗವನ್ನು ನಾನು ನಿದ್ದೆಯಲ್ಲೂ ಕಂಡಿಲ್ಲ. ಎಸ್ಟೇಟಿನವರು ರೇಡಿಯೊದಲ್ಲಿ ಮೈದಾನ ಪೂರ್ತಿ ಮುಚ್ಚಿದೆ ಎಂದರು. ತಿರುಗೋಣ ಎಂದು ಹಿಂದೆ ನೋಡಿದರೆ, ಬಂದ ದಾರಿಯಲ್ಲೂ ಎರಡು ಪದರ ಕೂಡಿಕೊಳ್ಳುತ್ತಿದ್ದವು.

ಆಗ ಸರ್ ಬಾಯಿಬಿಟ್ಟರು.

“ಅವ್ವಂಗೆ ಆಗ್ತಾ ಇಲ್ಲ ರತ್ನಾ. ಬೆಳಿಗ್ಗೆ ದೇಚು ಫೋನ್ ಮಾಡಿದ್ಲು. ಸಂಜೆ ತನಕ ಇರುದು ಕಷ್ಟ ಅಂತೆ.”

ದೇಚು ಅಂದರೆ ದೇಚಮ್ಮ, ಅವರ ತಂಗಿ. ಅವ್ವನನ್ನು ನೋಡಿಕೊಂಡು ತೋಟದ ಮನೆಯಲ್ಲಿದ್ದವರು. ಮೊದಲೇ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಹೇಳಿದ್ರೆ ನೀನು ನನ್ನ ಇಳಿಸಿ ಬೇರೆಯವರನ್ನು ಕೂರಿಸ್ತಿದ್ದೆ ಎಂದರು. ಅದು ನಿಜ. ರಸ್ತೆಯಲ್ಲಿ ಹೋದರೆ ತಡ, ಹೇಗೂ ಆ ಕಡೆಗೇ ಹಾರುವುದು, ಗೋಣಿಕೊಪ್ಪಲಿನಲ್ಲಿ ಇಳಿದರೆ ಮನೆ ಹತ್ತಿರ ಎಂದು ಲೆಕ್ಕ ಹಾಕಿದ್ದರು. ಅವರ ಅಪ್ಪ ಹೋದಾಗ ಇವರು ಸೇನೆಯಲ್ಲಿ, ಗಡಿಯಲ್ಲಿದ್ದರು. ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಒಬ್ಬನೇ ಮಗ, ಅಪ್ಪನ ಬಾಯಿಗೆ ನೀರು ಬಿಡಲು ಆಗಲಿಲ್ಲ. ಅವ್ವನಿಗಾದರೂ ತಮ್ಮ ಕೈಯಿಂದ ಒಂದು ಗುಟುಕು ನೀರು ಕೊಡಬೇಕು, ಅಷ್ಟೇ ಅವರ ಆಸೆ.

ಅಷ್ಟರಲ್ಲಿ ಕೆಳಗೊಂದು ಕಂಡಿ ತೆರೆಯಿತು. ಕೆರೆ, ಪಕ್ಕದಲ್ಲಿ ಕಾಫಿ ಕಣ, ಕೆಂಪು ಹಂಚಿನ ಮನೆ, ಸಾಲು ಸಿಲ್ವರ್ ಓಕ್.

“ಅಗೋ, ನಮ್ಮ ಕೆರೆ. ನಮ್ಮ ಕಣ,” ಎಂದರು. ಅವರ ಧ್ವನಿ ಅಷ್ಟು ಮೃದುವಾದದ್ದು ನಾನು ಕೇಳಿರಲಿಲ್ಲ. “ಇಳಿಸು ಮಾರಾಯ್ತಿ.”

ಎದುರಿನ ನಕ್ಷೆ ಬೇರೆ ಹೇಳುತ್ತಿತ್ತು. ಅವರ ಮನೆ ಇನ್ನೂ ಒಂದು ಗುಡ್ಡದಾಚೆ. ಹಾಗೆಂದೆ. ಹುಟ್ಟಿದ ಮನೆ ನನಗೆ ಗೊತ್ತಿಲ್ವಾ ಎಂದರು. ಹುಡುಗಿಯರೇ, ಇದನ್ನು ಗಮನಿಸಿ. ಹೊರಗಿನ ಪೈಲಟ್ ಆಗಿದ್ದರೆ ಒಂದು ಕೆರೆ ಕಂಡಿತು ಎನ್ನುತ್ತಿದ್ದ. ‘ನಮ್ಮ ಕೆರೆ’ ಎನ್ನುವುದು ಇಲ್ಲಿ ಹುಟ್ಟಿದವರು ಮಾತ್ರ. ದಕ್ಷಿಣ ಕೊಡಗಿನಲ್ಲಿ ಯಾವ ಎಸ್ಟೇಟಿಗೆ ಕೆರೆ ಇಲ್ಲ, ಕಣ ಇಲ್ಲ, ಹಂಚಿನ ಮನೆ ಇಲ್ಲ? ನಾನು ಅವರ ಮನೆಗೆ ಹಬ್ಬಕ್ಕೆ ಹೋದವಳು, ಅವ್ವ ಬಡಿಸಿದ ಕಡುಬು ತಿಂದವಳು. ಅವರ ಕೆರೆಯ ಸುತ್ತ ಗದ್ದೆ ಬಯಲು. ಈ ಕೆರೆಯ ಬೆನ್ನಿಗೆ, ಬಿಳಿಯ ಅಂಚಿನಲ್ಲಿ, ಕಪ್ಪಗೆ ಗುಡ್ಡದ ಭುಜ ಕಾಣುತ್ತಿತ್ತು. ಆ ಭುಜ ಅವರಿಗೆ ಕಾಣಲೇ ಇಲ್ಲ. ಅವರಿಗೆ ಅವ್ವ ಮಲಗಿದ್ದ ಕೋಣೆಯ ಕಿಟಕಿಯೇ ಕಾಣುತ್ತಿತ್ತೋ ಏನೋ.

ನನಗೆ ಬೇಡ ಅನ್ನಲು ಬಾಯಿ ಬರಲಿಲ್ಲ. ನನಗೆ ಅನ್ನ ಕೊಟ್ಟ ವಿದ್ಯೆ ಕಲಿಸಿದವರು. ಇನ್ನೊಂದು ಕ್ಷಣವಾಗಿದ್ದರೆ ಕೈ ಲಿವರನ್ನು ಕೆಳಗೆ ಒತ್ತಿಯೂ ಬಿಡುತ್ತಿತ್ತು. ಬಿಳಿಯ ಒಂದು ಎಳೆ ಕಂಡಿಯ ಮೇಲೆ ಹಾಯಿತು.

“ಮುಳ್ಳು,” ಎಂದೆ.

ಅವರು ನನ್ನ ಕಡೆ ತಿರುಗಿದರು. ಒಂದೇ ಒಂದು ಸಲ ಸುತ್ತಿ ನೋಡು ಎನ್ನಬಹುದಿತ್ತು. ಹಿರಿಯರು, ಗದರಬಹುದಿತ್ತು. ಸ್ವಲ್ಪ ಹೊತ್ತು ಮೀಸೆ ಅಲುಗಿತು. ಆಮೇಲೆ, “ಸರಿ. ಮುಳ್ಳು,” ಎಂದು ಎದುರಿನ ಉಪಕರಣಗಳ ಕಡೆ ಮುಖ ಮಾಡಿದರು.

ಕಂಟ್ರೋಲ್‌ಗೆ ಹೇಳಿದೆ. ಅವರು ಎತ್ತರ ಕೊಡುವವರೆಗೆ ಆ ಗುಡ್ಡದಾಚೆಗೆ ಸುತ್ತುತ್ತಾ ಏರಿ, ಮೇಲಿನ ಬಿಳಿಯೊಳಗೆ ಹೊಕ್ಕೆವು. ಸರ್ ಒಂದೊಂದೇ ಎತ್ತರ, ಒಂದೊಂದೇ ದಿಕ್ಕು ಓದಿ ಹೇಳುತ್ತಿದ್ದರು. ಒಂದೂ ತಪ್ಪಲಿಲ್ಲ, ಧ್ವನಿ ನಡುಗಲಿಲ್ಲ. ಪಕ್ಕಕ್ಕೆ ನೋಡಿದರೆ ಕಣ್ಣೀರು ಮೀಸೆಗಿಳಿದು ಹೆಡ್‌ಸೆಟ್ಟಿನ ಮೈಕಿನ ಮೇಲೆ ಹನಿಯುತ್ತಿತ್ತು. ನಾನು ಮತ್ತೆ ಆ ಕಡೆ ನೋಡಲಿಲ್ಲ. ಬಿಳಿಯೊಳಗೆ ನಾವು ಹೋಗುತ್ತಿದ್ದೇವೋ, ನಿಂತೇ ಇದ್ದೇವೋ ತಿಳಿಯಲಿಲ್ಲ. ಕೆಳಗೆಲ್ಲೋ ಒಂದು ಮಂಚ, ಮಂಚದ ಪಕ್ಕ ನೀರಿನ ಲೋಟ, ಅದರ ಮೇಲಿನಿಂದಲೇ ತೇಲಿ ಹೋಗುತ್ತಿದ್ದೇವೆ ಎಂದು ಮನಸ್ಸು ಹೇಳುತ್ತಿತ್ತು. ಮೈಸೂರಿನ ಹತ್ತಿರ ಮೋಡ ಹರಿದು ನೆಲ ಕಂಡಾಗ ನನಗೆ ಆ ಬಿಸಿಲಿನ ಮೇಲೆ ಸಿಟ್ಟು ಬಂತು.

ಮೈಸೂರಿನಲ್ಲಿ ಇಳಿದ ಮೇಲೆ ಸರ್ ಎಲ್ಲ ಸ್ವಿಚ್ಚುಗಳನ್ನು ಕ್ರಮವಾಗಿ ಆರಿಸಿ, ಟ್ಯಾಕ್ಸಿ ಹಿಡಿದು ಹೊರಟರು. ಯಾಕೆ, ಏನು ಎಂಬ ಚರ್ಚೆ ಆಗಲಿಲ್ಲ. ಅವರು ಮನೆ ಮುಟ್ಟುವ ಮೊದಲೇ ಅವ್ವ ಹೋಗಿದ್ದರು. ಸುದ್ದಿ ಬಂದಾಗ ನಾನು ಆಫೀಸಿನ ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತೆ. ನಾನು ಮಾಡಿದ್ದು ಸರಿ ಎಂದು ಗೊತ್ತಿತ್ತು. ಸರಿ ಎಂದು ಗೊತ್ತಿದ್ದರೆ ಅಳು ನಿಲ್ಲುತ್ತದೆ ಎಂದು ಯಾರು ಹೇಳಿದರು?

ಹನ್ನೊಂದನೆಯ ದಿನದ ಕಾರ್ಯಕ್ಕೆ ಹೋದೆ. ಹೋಗಲು ಕಾಲು ಬರುತ್ತಿರಲಿಲ್ಲ. ಗಂಡ ಜೀಪಿನಲ್ಲಿ ಕೂರಿಸಿಕೊಂಡು ಬಂದರು. ಅಷ್ಟು ದಿನವೂ ಸರ್ ನನಗೆ ಒಂದು ಫೋನ್ ಮಾಡಿರಲಿಲ್ಲ. ಬಿಳಿ ಬಟ್ಟೆಯಲ್ಲಿ ಜಗಲಿಯ ಕಂಬಕ್ಕೆ ಒರಗಿ ಕೂತಿದ್ದರು. ಬಂದೆಯಾ, ಕೂತ್ಕೋ ಎಂದರು. ಊಟವಾಗಿ ಜನ ಕರಗಿದ ಮೇಲೆ ದೇಚಮ್ಮ ಬಂದು ನನ್ನ ಪಕ್ಕ ಕೂತರು. ಆ ದಿನ ಮೇಲೆ ಬಂದದ್ದು ನೀವೇ ಅಲ್ವಾ ಎಂದು ಕೇಳಿದರು. ಹೌದು ಎಂದೆ.

ದೇಚಮ್ಮ ತಗ್ಗಿದ ಧ್ವನಿಯಲ್ಲಿ ಹೇಳುತ್ತಾ ಹೋದರು. ಬೆಳಿಗ್ಗೆಯಿಂದ ಅವ್ವ ಕಣ್ಣು ತೆರೆದಿರಲಿಲ್ಲ, ನೀರು ಕೊಟ್ಟರೆ ತುಟಿ ಬಿಚ್ಚುತ್ತಿರಲಿಲ್ಲ. ಮೇಲೆ ಹೆಲಿಕಾಪ್ಟರಿನ ಸದ್ದು ಸುತ್ತತೊಡಗಿದಾಗ ಕಣ್ಣು ತೆರೆದರು. ಮಗ ಬಂದ ಎನ್ನುತ್ತಾರೆ ಎಂದು ದೇಚಮ್ಮ ಬಗ್ಗಿದರು.

“ಹೊರಗೆ ಮೋಡ ಉಂಟಾ ಅಂತ ಕೇಳಿದ್ರು. ಉಂಟು ಅಂದೆ. ಹಾಗಾದ್ರೆ ಇಳಿಬೇಡ ಅಂತ ಹೇಳು ಅವನಿಗೆ, ಹೋಗಿ ಹೇಳು ಅಂದ್ರು. ನಾನು ಯಾರಿಗೆ ಅಂತ ಹೇಳುದು? ಮೇಲೆ ಬರೀ ಬಿಳಿ.”

ಆದರೂ ಅಂಗಳಕ್ಕೆ ಓಡಿದರಂತೆ. ತಲೆಗೆ ಕಟ್ಟಿದ್ದ ವಸ್ತ್ರ ಬಿಚ್ಚಿ ಮೋಡದ ಕಡೆ ಬೀಸಿ ಬೀಸಿ, ಹೋಗು ಅಣ್ಣಾ, ಹೋಗು ಎಂದು ಕೂಗಿದರಂತೆ. ಸದ್ದು ದೂರವಾಯಿತು. ಒಳಗೆ ಬಂದು, ಹೋದ ಅವ್ವಾ ಎಂದರು. ಆಗ ಅವ್ವ ಬಾಯಿ ತೆರೆದು ಮಗಳ ಕೈಯಿಂದ ನೀರು ಕುಡಿದರು. ಸ್ವಲ್ಪ ಹೊತ್ತಿಗೆ ಉಸಿರು ನಿಂತಿತು.

ಇಷ್ಟು ಹೇಳಿ ದೇಚಮ್ಮ ಅಣ್ಣನ ಕಡೆ ತಿರುಗಿದರು. ಇಷ್ಟು ದಿನ ಅವರಿಗೂ ಇದನ್ನು ಹೇಳಿರಲಿಲ್ಲ ಎಂದು ಆ ಮುಖ ನೋಡಿಯೇ ತಿಳಿಯಿತು.

“ಅವ್ವ ಕಡೆಯದಾಗಿ ಹೇಳಿದ್ದು ಅದೊಂದೇ ಮಾತು. ನನಗೆ ದಿನಾ ಅದೇ ಯೋಚನೆ ಅಣ್ಣಾ. ನಾನು ಬೀಸಿದ್ದು ನಿಂಗೆ ಕಂಡಿತಾ?”

ಪೂವಯ್ಯ ಸರ್ ಅಂಗಳ ನೋಡಿದರು. ನಾನು ಅವರ ಜೊತೆ ಹಾರಿದ ಅಷ್ಟು ವರ್ಷಗಳಲ್ಲಿ, ಕಾಣದ್ದನ್ನು ಕಂಡಿತು ಎಂದು ಬೇಕೆಂದು ಒಂದು ದಿನವೂ ಹೇಳಿದವರಲ್ಲ ಅವರು.

“ಕಂಡಿತು ದೇಚು,” ಎಂದರು. “ಅದಕ್ಕೇ ತಿರುಗಿದ್ದು.”

ದೇಚಮ್ಮ ಸೆರಗಿನಿಂದ ಮುಖ ಮುಚ್ಚಿಕೊಂಡರು. ಸರ್ ನನ್ನನ್ನು ನೋಡಿದರು. ಆ ದಿನದಿಂದೀಚೆಗೆ ಅವರು ನನ್ನ ಕಣ್ಣಲ್ಲಿ ಕಣ್ಣಿಟ್ಟು ನೋಡಿದ್ದು ಅದೇ ಮೊದಲು. ನಾನು ದೇಚಮ್ಮನ ಕೈ ಹಿಡಿದುಕೊಂಡು, ಮೊದಲು ಕಂಡದ್ದು ನನಗೆ ಅಕ್ಕಾ, ಆಮೇಲೆ ಸರ್‌ಗೆ ತೋರಿಸಿದೆ ಎಂದೆ.